ಮೊದಲು ಮಲಗಿ, ಆಮೇಲೆ ನೋಡೋಣ

ನಮ್ಮ ಶಾಲೆಯ ಶಿಕ್ಷಕಿಯೊಬ್ಬರು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದಾಗ ಮೊದಲು ಮಾಡುತ್ತಿದ್ದ ಕೆಲಸ ಅವರನ್ನು ಮಲಗಿಸುವುದು. ನಾಲೆಯ ಏರಿಯೋ ಕೆರೆಯ ಅಂಚೋ ಬೆಟ್ಟದ ಬುಡವೋ, ಜಾಗ ಯಾವುದಾದರೂ ಸರಿ. ಟೆಂಪೊ ನಿಂತ ಕೂಡಲೇ ಹಳೆಯ ಬೆಡ್‌ಶೀಟುಗಳ ಗಂಟು ಬಿಚ್ಚಿ ಮರದ ನೆರಳಿನಲ್ಲಿ ಹಾಸುತ್ತಿದ್ದರು. ಆರನೇ, ಏಳನೇ ತರಗತಿಯ ಮಕ್ಕಳು ಸಾಲಾಗಿ ಮಲಗಿ ಕಣ್ಣು ಮುಚ್ಚಬೇಕು. ಅರ್ಧ ಗಂಟೆ ಯಾರೂ ಮಾತಾಡುವಂತಿಲ್ಲ. “ಮೊದ್ಲು ಮಲಗಿ, ಆಮೇಲೆ ನೋಡೋಣ” ಎನ್ನುತ್ತಿದ್ದರು. ಕೆಲವು ಮಕ್ಕಳು ನಿಜವಾಗಿಯೂ ನಿದ್ದೆ ಹೋಗುತ್ತಿದ್ದವು. ಅವನ್ನು ಎಬ್ಬಿಸುತ್ತಿರಲಿಲ್ಲ. ಉಳಿದವರು ಎದ್ದು ಕೂತ ಮೇಲೆ, ಏನು ನೋಡಿದಿರಿ ಎಂದಲ್ಲ, ಏನು ಕೇಳಿಸಿತು ಎಂದು ವಿಚಾರಿಸುತ್ತಿದ್ದರು.

ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೆ ಹೋಗುವ ದಾರಿಯಲ್ಲಿ, ಕಬ್ಬಿನ ಗದ್ದೆಗಳ ನಡುವೆ ಇರುವ ಒಂದು ಸರ್ಕಾರಿ ಶಾಲೆ ನಮ್ಮದು. ಅವರು ವಿಜ್ಞಾನದ ಶಿಕ್ಷಕಿ, ನಾನು ಕನ್ನಡ ಕಲಿಸುವವಳು. ಮಕ್ಕಳಿಗೆ ಅವರು ಸೈನ್ಸ್ ಮಿಸ್ಸು. ತೆಳ್ಳಗೆ, ಎತ್ತರಕ್ಕೆ ಇದ್ದರು. ಹತ್ತಿಯ ಸೀರೆ, ಕಾಲಿಗೆ ಬಿಳಿಯ ಕ್ಯಾನ್ವಾಸ್ ಶೂ, ಬಿಸಿಲಿಗೆ ತಲೆಯ ಮೇಲೆ ಸೆರಗು. ದನಿ ಎಷ್ಟು ತಗ್ಗಿನದೆಂದರೆ, ಅವರು ಮಾತು ಶುರು ಮಾಡಿದರೆ ಹಿಂದಿನ ಬೆಂಚಿನ ಮಕ್ಕಳು ತಾವಾಗಿಯೇ ಮುಂದೆ ಬಂದು ನೆಲದ ಮೇಲೆ ಕೂರುತ್ತಿದ್ದವು.

ಅವರ ಪ್ರವಾಸಗಳಿಗೆ ನಾನು ಹೋದವಳಲ್ಲ. ಶನಿವಾರ ಮಧ್ಯಾಹ್ನ ಮನೆ ಸೇರುವ ಅವಸರ ನನಗೆ. ಆದರೆ ಸೋಮವಾರ ಮಕ್ಕಳ ಪ್ರಬಂಧಗಳು ನನ್ನ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಅವರು ಬರುವ ಮೊದಲು ಪ್ರವಾಸದ ಪ್ರಬಂಧವೆಂದರೆ ಎಲ್ಲ ಮಕ್ಕಳದೂ ಒಂದೇ: ನಾವು ಬೆಳಿಗ್ಗೆ ಆರು ಗಂಟೆಗೆ ಹೊರಟೆವು, ತಿಂಡಿ ತಿಂದೆವು, ತುಂಬಾ ಸಂತೋಷವಾಯಿತು. ಅವರು ಬಂದ ಮೇಲೆ ಒಬ್ಬಳು ಬರೆದಳು, ‘ನಾನು ಮಲಗಿದ್ದಾಗ ನಾಲೆಯ ನೀರು ನನ್ನ ತಲೆಯ ಕೆಳಗೆ ಹರಿದು ಹೋಗುತ್ತಿತ್ತು.’ ಇನ್ನೊಬ್ಬ ಬರೆದ, ‘ಕೊಕ್ಕರೆ ಹಾರಿಹೋದಾಗ ಅಮ್ಮ ಒಗೆದ ಬಟ್ಟೆ ಕೊಡವಿದ ಹಾಗೆ ಆಯಿತು. ಕಣ್ಣು ಬಿಟ್ಟಾಗ ಆಕಾಶ ಮಾತ್ರ ಇತ್ತು.’ ಆ ನೋಟ್ ಪುಸ್ತಕಗಳನ್ನು ತಿದ್ದಲು ನನಗೆ ಕೈ ಬರುತ್ತಿರಲಿಲ್ಲ. ಕಾಗುಣಿತ ತಪ್ಪಿದ್ದರೂ ಕೆಂಪು ಶಾಯಿ ಹಾಕದೆ ಹಿಂದೆ ಕೊಟ್ಟದ್ದುಂಟು.

ಈ ಮಲಗಿಸುವ ಅಭ್ಯಾಸ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದೆ. ಊಟದ ಡಬ್ಬಿ ಮುಚ್ಚುತ್ತಾ ಹೇಳಿದರು, “ನಮ್ಮ ಅಬ್ಬಾ ಲಾರಿ ಓಡಿಸ್ತಿದ್ರು ಮೇಡಂ. ಹಗಲೊತ್ತು ಮನೇಲಿ ಮಲಗೋರು. ನಾವು ಐದು ಮಕ್ಕಳು, ಒಂದೇ ರೂಮು. ಸದ್ದು ಮಾಡೋ ಹಾಗಿಲ್ಲ. ಅವರ ಪಕ್ಕದಲ್ಲೇ ಸಾಲಾಗಿ ಮಲಗಿ ಬೀದಿ ಕೇಳಿಸ್ಕೊಳ್ತಿದ್ವಿ. ಯಾರ ಸೈಕಲ್ಲು, ಯಾರ ಮೇಕೆ, ಮಳೆ ಎಷ್ಟು ದೂರದಲ್ಲಿದೆ, ಎಲ್ಲ ಗೊತ್ತಾಗೋದು. ಹೊರಗೆ ಹೋಗಿ ನೋಡಿದ್ರೆ ಅಷ್ಟು ಗೊತ್ತಾಗ್ತಿರ್ಲಿಲ್ಲ.”

ಊರಿನವರಿಗೆ ಇದು ವಿಚಿತ್ರವಾಗಿ ಕಂಡಿತು. ಒಂದು ದಿನ ಏಳನೇ ತರಗತಿಯ ಹುಡುಗನ ತಾತ ಆಫೀಸಿನ ಬಾಗಿಲಲ್ಲಿ ಬಂದು ನಿಂತ. “ಏನ್ರವ್ವಾ, ಇಸ್ಕೂಲ್ನೋರು ಮಕ್ಳ ಟೆಂಪೋಲಿ ತುಂಬ್ಕಂಡೋಗಿ ಮಲಗಸ್ತಾವ್ರಂತೆ? ಮಲಗಾಕೆ ನಮ್ಮನೇಲಿ ಚಾಪೆ ಇಲ್ವಾ?”

ಅವರು ಎದ್ದು ನಿಂತು, “ಮನೇಲಿ ಮಲಗಿದ್ರೆ ಟೀವಿ ಕೇಳಿಸ್ತದೆ ತಾತ” ಎಂದರು.

“ಅದೂ ದಿಟವೇ ಬುಡಿ” ಎಂದ ಮುದುಕ. ಮೆಟ್ಟಿಲು ಇಳಿದವನು ತಿರುಗಿ ಬಂದು, “ಮುಂದಿನ ಕಿತ ನಾನೂ ಬರ್ಬೋದಾ?” ಎಂದು ಕೇಳಿದ. ಹೋದ ಕೂಡ. ಮಕ್ಕಳೆಲ್ಲ ಎದ್ದರೂ ಅವನು ಏಳಲಿಲ್ಲವಂತೆ.

ಗಿಡದ ಹೆಸರು, ಹಕ್ಕಿಯ ಹೆಸರು ಹೇಳುವುದರಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಮಕ್ಕಳು ಕೇಳಿದರೆ, “ಮೊದ್ಲು ನೀನೇ ಒಂದು ಹೆಸರಿಡು ಬೇಟಾ, ಪುಸ್ತಕದ ಹೆಸರು ಸೋಮವಾರ ಹೇಳ್ತೀನಿ” ಎನ್ನುತ್ತಿದ್ದರು. ಬುದ್ಧಿ ಹೇಳುವುದರಲ್ಲೂ ಇರಲಿಲ್ಲ. ಒಮ್ಮೆ ಮಕ್ಕಳನ್ನು ನಾಗಮಂಗಲದ ಕಡೆಗೆ ಕರೆದೊಯ್ದರು. ಹುಟ್ಟಿದಾಗಿನಿಂದ ನಾಲೆಯ ಪಕ್ಕದಲ್ಲೇ ಬೆಳೆದ ಮಕ್ಕಳು. ಕೆಂಪು ನೆಲ, ಬರೀ ರಾಗಿ, ತೆಂಗು, ಬಂಡೆ ನೋಡಿ ಬೆರಗಾದರು. ಬಾಯಾರಿದಾಗ ಅವರು ಟೆಂಪೊದಲ್ಲಿದ್ದ ನೀರಿನ ಕ್ಯಾನು ಕೊಡದೆ ಒಂದು ಮನೆಯ ಬಾಗಿಲಿಗೆ ಕಳಿಸಿದರು. ಆ ಮನೆಯ ಅಜ್ಜಿ ಬಿಂದಿಗೆಯಿಂದ ಒಂದೊಂದೇ ಲೋಟ ತುಂಬಿ ಕೊಟ್ಟಳು. ಒಬ್ಬ ಹುಡುಗ ಅರ್ಧ ಕುಡಿದು, ಮನೆಯಲ್ಲಿ ಮಾಡುವಂತೆ ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿದ. ಅಜ್ಜಿ ಆ ಒದ್ದೆಯಾದ ನೆಲವನ್ನೇ ನೋಡಿದಳು. ಇವರು ಅವನನ್ನು ಬೈಯಲಿಲ್ಲ. ವಾಪಸು ಬರುವಾಗ ನಾಲೆಯ ಸೇತುವೆಯ ಹತ್ತಿರ ಟೆಂಪೊ ನಿಲ್ಲಿಸಿ ಎಲ್ಲರನ್ನೂ ಇಳಿಸಿ ಕೂರಿಸಿದರು. ಸಂಜೆಯ ಬಿಸಿಲಿನಲ್ಲಿ ನಾಲೆ ತುಂಬಿ ಹರಿಯುತ್ತಿತ್ತು. ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂತರು. ಆ ಹುಡುಗ ನನಗೆ ಬರೆದುಕೊಟ್ಟ ಪ್ರಬಂಧ ಎರಡೇ ಸಾಲಿನದು: ‘ನಮ್ಮ ನೀರು ತುಂಬಾ ಇದೆ. ಅಜ್ಜಿ ಬಿಂದಿಗೆಯಲ್ಲಿ ಸ್ವಲ್ಪ ಇತ್ತು.’

ಈ ಎಲ್ಲ ಪ್ರವಾಸಗಳಿಗೂ ಟೆಂಪೊ ಅವರ ತಮ್ಮನದೇ. ಅಪ್ಪ ಬಿಟ್ಟ ಲಾರಿಯ ಕೆಲಸವನ್ನು ಆತ ಟೆಂಪೊದಲ್ಲಿ ಮುಂದುವರಿಸಿದ್ದ. ಅಕ್ಕ ಕರೆದ ದಿನ ಬಾಡಿಗೆ ಬಿಟ್ಟು ಬರುತ್ತಿದ್ದ.

ನಮ್ಮ ಮುಖ್ಯೋಪಾಧ್ಯಾಯರು ವರ್ಗವಾಗಿ ಹೋದಾಗ ಸೇವೆಯಲ್ಲಿ ಹಿರಿಯಳೆಂದು ನನಗೆ ಪ್ರಭಾರ ಕೊಟ್ಟರು. ಅಲ್ಲಿಂದ ಅವರ ಪ್ರವಾಸಗಳಿಗೆ ಅನುಮತಿ ಬರೆದುಕೊಡುವವಳು ನಾನಾದೆ. ಒಂದು ಶನಿವಾರ ತೊಣ್ಣೂರು ಕೆರೆಗೆ ಹೋಗಲು ಬರೆದುಕೊಟ್ಟು, ನಾನು ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಯಲ್ಲಿರುವ ತಂಗಿಯ ಮನೆಗೆ ಹೋದೆ. ಅವಳ ಮಗುವಿನ ನಾಮಕರಣ. ಊಟಕ್ಕೆ ಬಡಿಸುತ್ತಿದ್ದಾಗ ಅವರ ಫೋನು ಬಂತು. ಕೆರೆಯ ಏರಿಯ ತುಂಬ ಯಾವುದೋ ಸಿನಿಮಾದ ಶೂಟಿಂಗು, ಮೈಕಿನ ಗಲಾಟೆ, ಮಕ್ಕಳನ್ನು ಕೂರಿಸಲೂ ಜಾಗವಿಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ಕಲ್ಲುಬೆಟ್ಟವಿದೆ, ಬುಡದಲ್ಲಿ ಒಳ್ಳೆಯ ನೆರಳಿದೆ, ಅಲ್ಲಿಗೆ ಹೋಗಬಹುದೇ ಎಂದು ಕೇಳಿದರು. ಒಂದು ಕೈಯಲ್ಲಿ ಪಾಯಸದ ಸೌಟು ಹಿಡಿದು ಒಪ್ಪಿಗೆ ಕೊಟ್ಟೆ, ಫೋನು ಇಟ್ಟೆ, ಮುಂದಿನ ಎಲೆಗೆ ಬಡಿಸಿದೆ.

ಮುಂದಿನದನ್ನು ನಾನು ಮಕ್ಕಳಿಂದಲೂ ಅವರ ತಮ್ಮನಿಂದಲೂ ಕೇಳಿ ತಿಳಿದೆ. ಬೆಟ್ಟದ ಬುಡದಲ್ಲಿ ಮಕ್ಕಳು ಮಲಗಿದ್ದರು. ಮೇಲೆ ಬಂಡೆಯ ಸಂದಿನಲ್ಲಿ ಯಾರೋ ಅಡುಗೆಗೆ ಒಲೆ ಹೂಡಿದ್ದರು, ಆ ಹೊಗೆ ಹೆಜ್ಜೇನಿನ ಗೂಡಿಗೆ ತಾಗಿತು. ಹುಳುಗಳು ಇಳಿದು ಬಂದಾಗ ಓಡಲು ಎದ್ದ ಮಕ್ಕಳಿಗೆ ಅವರು ಹೇಳಿದ್ದು ಅದೇ ತಗ್ಗಿದ ದನಿಯಲ್ಲಂತೆ: “ಮಲಗಿ. ಬೋರಲು ಮಲಗಿ. ಅಲ್ಲಾಡಬೇಡಿ.” ಪ್ರತಿ ಪ್ರವಾಸದಲ್ಲೂ ಮಲಗಿ ಅಭ್ಯಾಸವಿದ್ದ ಮಕ್ಕಳು ಮಲಗಿದರು. ತಾವೂ ತಮ್ಮನೂ ಸೇರಿ ಬೆಡ್‌ಶೀಟುಗಳನ್ನೆಲ್ಲ ಮಕ್ಕಳ ಮೇಲೆ ಎಳೆದರು. ಸಾಲದೆ ಹೋದ ಕಡೆ ಅವರೇ ಮಕ್ಕಳ ಮೇಲೆ ಬಾಗಿ ಮಲಗಿದರು. ಆಮೇಲೆ ಆ ತಮ್ಮನೇ ಟೆಂಪೊವನ್ನು ಹಿಂದಕ್ಕೆ ತಂದು ಅದರ ಬಾಗಿಲು ಮಕ್ಕಳ ಪಕ್ಕಕ್ಕೇ ಬರುವಂತೆ ನಿಲ್ಲಿಸಿ ಒಬ್ಬೊಬ್ಬರನ್ನೇ ಒಳಕ್ಕೆ ಎಳೆದುಕೊಂಡ.

ಅವರ ಕತ್ತು, ಬೆನ್ನು, ಕೈಗಳ ತುಂಬ ಮುಳ್ಳು. ಮಕ್ಕಳಲ್ಲಿ ಹೆಚ್ಚು ಕಚ್ಚಿಸಿಕೊಂಡವಳು ಆರನೇ ತರಗತಿಯ ಸಿಂಚನ. ರೆಪ್ಪೆಗಳಿಗೆ ಕಚ್ಚಿ ಎರಡೂ ಕಣ್ಣು ಮುಚ್ಚಿಹೋಗಿದ್ದವು. ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಮೂರನೆಯ ದಿನ ಕಣ್ಣು ಬಿಟ್ಟಳು, ದೃಷ್ಟಿಗೆ ಏನೂ ಆಗಿರಲಿಲ್ಲ. ಆದರೆ ಆ ಎರಡು ದಿನದಲ್ಲಿ ಅವಳ ಅಪ್ಪ ದೂರು ಕೊಟ್ಟಾಗಿತ್ತು, ಮೇಲಿನ ಕಚೇರಿಯವರು ನನ್ನಿಂದ ವಿವರಣೆ ಕೇಳಿಯಾಗಿತ್ತು.

ನಾನು ಹೆದರಿದೆ. ಪ್ರಭಾರ ವಹಿಸಿಕೊಂಡು ವರ್ಷವೂ ಆಗಿರಲಿಲ್ಲ. ‘ಕೆರೆಗೆ ಹೋಗಲು ಮಾತ್ರ ಅನುಮತಿ ನೀಡಿದ್ದು, ಬೆಟ್ಟಕ್ಕೆ ಹೋದ ವಿಷಯ ನನ್ನ ಗಮನಕ್ಕೆ ಬಂದಿರುವುದಿಲ್ಲ’ ಎಂದು ಬರೆದು ಸಹಿ ಹಾಕಿದೆ. ಬರೆದ ಮೇಲೆ ಫೋನಿನಲ್ಲಿ ಉಳಿದಿದ್ದ ಆ ಕರೆಯನ್ನೂ ಅಳಿಸಿದೆ.

ಕಚೇರಿಯವರು ಅವರಿಗೂ ನೋಟಿಸು ಕೊಟ್ಟು ಉತ್ತರ ಕೇಳಿದ್ದರು. ಅವರು ಫೋನಿನ ವಿಷಯ ಬರೆದರೆ ನನ್ನ ಸುಳ್ಳು ಅಲ್ಲಿಗೆ ಮುಗಿಯುತ್ತದೆ ಎಂದು ಗೊತ್ತಿತ್ತು. ವಾರದ ನಂತರ ಅವರ ಉತ್ತರ ನನ್ನ ಮೂಲಕವೇ ಕಚೇರಿಗೆ ಹೋಗಬೇಕಾಗಿ ಬಂತು. ಊದಿದ ಬೆರಳುಗಳಲ್ಲಿ ಬರೆದ ಸೊಟ್ಟ ಅಕ್ಷರ. ‘ಮುಖ್ಯ ಶಿಕ್ಷಕರ ಒಪ್ಪಿಗೆ ಇಲ್ಲದೆ ಸ್ಥಳ ಬದಲಾಯಿಸಿದ್ದು ನನ್ನ ತಪ್ಪು.’ ಅಷ್ಟೇ ಇತ್ತು. ನನ್ನನ್ನು ಉಳಿಸಲು ಹೀಗೆ ಬರೆದರು ಎಂದುಕೊಂಡೆ. ಮುದ್ರೆ ಒತ್ತಿ ಕಳಿಸಿದೆ.

ಅವರಿಗೆ ಎಚ್ಚರಿಕೆಯ ಪತ್ರ ಬಂತು. ಪ್ರವಾಸಗಳು ನಿಂತವು. ಅವರು ನನ್ನೊಂದಿಗೆ ಮಾತು ಕಡಿಮೆ ಮಾಡಿದರು. ನನ್ನನ್ನು ಕಂಡರೆ ಕಣ್ಣು ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ಅದು ತಿರಸ್ಕಾರವೆಂದೇ ನಾನು ತಿಳಿದೆ.

ಒಂದು ಬೆಳಿಗ್ಗೆ ಮೈದಾನದಲ್ಲಿ ಮಕ್ಕಳೆಲ್ಲ ದೂರ ದೂರ ಬೋರಲು ಮಲಗಿದ್ದು ಕಂಡು ಹೊರಗೆ ಬಂದೆ. ಒಬ್ಬೊಬ್ಬರ ಮೂಗಿನ ಕೆಳಗೂ ಸೆಣಬಿನ ಹುರಿಯಿಂದ ಸುತ್ತಿದ ಒಂದು ಮೊಳ ನೆಲ. ಅದರೊಳಗೆ ಇರುವುದನ್ನೆಲ್ಲ ನೋಡಬೇಕು, ಅಷ್ಟೇ. ಇರುವೆ, ಗರಿಕೆ, ಮುರಿದ ಸೀಮೆಸುಣ್ಣ, ಯಾವುದೋ ಹುಳುವಿನ ರೆಕ್ಕೆ. ಮಂಜು ಇನ್ನೂ ಹೋಗಿರಲಿಲ್ಲ, ಮಕ್ಕಳ ಬೆನ್ನುಗಳು ಮಾತ್ರ ಅಲ್ಲಲ್ಲಿ ಕಾಣುತ್ತಿದ್ದವು. ಅವರು ಅವುಗಳ ನಡುವೆ ಸದ್ದಿಲ್ಲದೆ ಓಡಾಡುತ್ತಿದ್ದರು. ನನ್ನನ್ನು ನೋಡಿ ಹತ್ತಿರ ಬಂದು, “ಕಾಂಪೌಂಡ್ ಒಳಗೇ ಇದೀವಿ ಮೇಡಂ” ಎಂದರು. ನಾನು ಒಳಗೆ ಬಂದೆ.

ಸಿಂಚನ ಮಾತ್ರ ಮೈದಾನಕ್ಕೆ ಇಳಿಯುತ್ತಿರಲಿಲ್ಲ. ನೊಣ ಹಾರಿದರೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವರು ಅವಳನ್ನು ಒಂದು ದಿನವೂ ಕರೆಯಲಿಲ್ಲ. ಬಿಡುವಿದ್ದಾಗ ಕಿಟಕಿಯ ಪಕ್ಕ ಅವಳ ಜೊತೆ ಕೂತು, ಇಬ್ಬರೂ ಹೊರಗೆ ನೋಡುತ್ತಿದ್ದರು.

ಹಾಗಿರುವಾಗ, ದೂರು ಕೊಟ್ಟ ಅಪ್ಪನೇ ಒಂದು ದಿನ ಶಾಲೆಗೆ ಬಂದ. ಅವನದು ಆಲೆಮನೆ, ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಅವನದೇ ಕಬ್ಬು, ಅವನದೇ ಬೆಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವರನ್ನು ನೋಡಿ ಹೇಳಿದ, “ನನ್ ಮಗ್ಳು ಆಲೆಮನೆಗೆ ಕಾಲಿಕ್ತಿಲ್ಲ ಕಣ್ ಮಿಸ್ಸು. ಬೆಲ್ಲದ ವಾಸ್ನೆಗೆ ಅಲ್ಲಿ ಜೇನು ಬತ್ತವೆ. ಮೊದ್ಲು ಇಸ್ಕೂಲ್ ಬುಟ್ಟೇಟ್ಗೆ ಅಲ್ಲೇ ಇರೋಳು. ಈಗ ರಸ್ತೇಲೇ ನಿಂತ್ಕಂಡು ಅಪ್ಪಾ ಅಂತ ಕೂಗ್ತಾಳೆ. ನಾನೇ ಹೊರಕ್ ಬರ್ಬೇಕು.” ಮತ್ತೆ, “ನಿಮ್ ಕೂಡೆ ಓಗಿ ಇಂಗಾಯ್ತು. ನಿಮ್ ಕೂಡೇನೇ ಸರಿ ಓಗ್ಬೇಕು. ಇನ್ಯಾರ್ ಕೇಳಾನ?” ಎಂದ.

ಅವರು ನನ್ನ ಕಡೆ ನೋಡಿದರು. ನಾನು ಕಾಗದ ತೆಗೆದು ಅನುಮತಿ ಬರೆದೆ. ಅವರು ಅದನ್ನು ಓದಿ, “ಜಾಗದ ಹೆಸರು ಬರೀರಿ ಮೇಡಂ. ಎಷ್ಟು ಗಂಟೆಗೆ ಹೋಗೋದು, ಎಷ್ಟಕ್ಕೆ ಬರೋದು, ಅದೂ ಬರೀರಿ” ಎಂದರು. ಚುಚ್ಚುತ್ತಿದ್ದಾರೆ ಎಂದುಕೊಂಡು ತಲೆ ತಗ್ಗಿಸಿ ಬರೆದೆ.

ಆ ದಿನ ನಾನೂ ಹೋದೆ. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಆವಿ ಸೂರಿನ ತನಕ ತುಂಬಿ, ಒಳಗೆ ಓಡಾಡುವವರು ಅರ್ಧ ಕಾಣುತ್ತಿದ್ದರು, ಅರ್ಧ ಕಾಣುತ್ತಿರಲಿಲ್ಲ. ಹೊರಗೆ ಒಣಗಲು ಹರಡಿದ ಕಬ್ಬಿನ ಸಿಪ್ಪೆಯ ಮೇಲೆ ಮಕ್ಕಳು ಎಂದಿನಂತೆ ಮಲಗಿದರು. ಸಿಂಚನ ರಸ್ತೆಯಲ್ಲೇ ನಿಂತಳು. ಅವರು ಹೋಗಿ ಅವಳ ಪಕ್ಕದಲ್ಲಿ, ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತರು. ಬಾ ಎನ್ನಲಿಲ್ಲ. ಮಕ್ಕಳು ಎದ್ದು, ಬಿಸಿ ಬೆಲ್ಲ ತಿಂದು, ಹೊರಡುವ ಹೊತ್ತಾದರೂ ಇಬ್ಬರೂ ಅಲ್ಲೇ ಇದ್ದರು. ಮುಂದಿನ ಶನಿವಾರ ಸಿಂಚನ ಆಲೆಮನೆಯ ಗೇಟಿನವರೆಗೆ ಬಂದಳು. ಅದರ ಮುಂದಿನ ಶನಿವಾರ ಅವರ ಕೈ ಹಿಡಿದು ಒಳಗೆ ಬಂದು, ಅಚ್ಚಿನಲ್ಲಿ ಆರಲು ಬಿಟ್ಟ ಬೆಲ್ಲದ ಮೇಲೆ ನಾಲ್ಕೈದು ಜೇನು ಕೂತಿದ್ದನ್ನು ಬಹಳ ಹೊತ್ತು ನೋಡಿದಳು.

“ಇವು ಚಿಕ್ಕವು ಮಿಸ್” ಎಂದಳು.

“ಹೂಂ, ಇವು ಬೇರೆ.”

“ಅವು ನಮ್ ಮೇಲೆ ಯಾಕ್ ಬಂದ್ವು?”

“ಅವಕ್ಕೂ ಭಯ ಆಗಿತ್ತು ಬೇಟಾ. ಮನೆಗೆ ಹೊಗೆ ತುಂಬ್ಕೊಂಡಿತ್ತು.”

ಅವಳ ಅಪ್ಪ ಕೊಪ್ಪರಿಗೆಯ ಆಚೆ ಬೆನ್ನು ಮಾಡಿ ನಿಂತಿದ್ದ. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ತಾನು ಕೊಟ್ಟ ದೂರನ್ನು ಅವನೇ ಹೋಗಿ ವಾಪಸು ಪಡೆದನೆಂದು ಆಮೇಲೆ ಕೇಳಿದೆ. ಮತ್ತೆ ಪ್ರವಾಸಗಳು ಶುರುವಾದವು. ಪ್ರತಿ ಸಲವೂ ಅವರು ನನ್ನಿಂದ ಜಾಗ, ಸಮಯ ಬರೆಸಿಕೊಂಡೇ ಹೋಗುತ್ತಿದ್ದರು. ದಾರಿಯಲ್ಲಿ ಒಂದು ತಿರುವು ಬದಲಾದರೂ ಫೋನು ಮಾಡಿ, ನಾನು ಎರಡು ಸಲ ಸ್ಪಷ್ಟವಾಗಿ ಒಪ್ಪಿಗೆ ಹೇಳುವವರೆಗೆ ಇಡುತ್ತಿರಲಿಲ್ಲ. ಪ್ರತಿ ಸಲವೂ ನಾನು ನನ್ನ ಸುಳ್ಳನ್ನು ನೆನೆದು ಕುಗ್ಗುತ್ತಿದ್ದೆ.

ಈ ವರ್ಷ ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನಾನು ಮಾತಾಡಲು ಎದ್ದು, ಎರಡು ವಾಕ್ಯ ಹೇಳಿ ಕೂತೆ. ಮಗಳನ್ನು ನಾಗಮಂಗಲಕ್ಕೆ ಕೊಟ್ಟಿದ್ದರು. ಇನ್ನು ಮುಂದೆ ಅಲ್ಲೇ ಇರುವುದೆಂದು ತೀರ್ಮಾನವಾಗಿತ್ತು. ಮಧ್ಯಾಹ್ನದ ಬಸ್ಸಿಗೆ ಅವರನ್ನು ಕಳಿಸಲು ನಾನೊಬ್ಬಳೇ ರಸ್ತೆಯವರೆಗೆ ಹೋದೆ. ಅಷ್ಟು ವರ್ಷ ಹೇಳದ್ದನ್ನು ಈಗಲಾದರೂ ಹೇಳಬೇಕೆಂದು ಬಾಯಿ ತೆಗೆದಾಗ ಅವರೇ ಮೊದಲು ಮಾತಾಡಿದರು.

“ನಿಮ್ಮ ಹತ್ರ ಒಂದು ಮಾಫಿ ಕೇಳ್ಬೇಕು ಮೇಡಂ. ಆ ಬೆಟ್ಟದ ದಿನ ನಿಮ್ಮನ್ನ ಕೇಳದೇ ಮಕ್ಕಳನ್ನ ಕರ್ಕೊಂಡ್ಹೋದೆ. ನಿಮಗೆ ಮುಖ ತೋರ್ಸೋಕೇ ಆಗ್ತಿರ್ಲಿಲ್ಲ.”

ನಾನು ಅವರ ಮುಖ ನೋಡಿದೆ. ಅಲ್ಲಿ ಕೊಂಕು ಇರಲಿಲ್ಲ.

“ಫೋನ್ ಮಾಡಿದ್ರಲ್ಲ” ಎಂದೆ.

“ಮಾಡ್ದೆ. ನಾನು ಹೇಳ್ತಾ ಹೋದೆ, ಆ ಕಡೆಯಿಂದ ಏನೂ ಕೇಳಿಸ್ಲಿಲ್ಲ. ಲೈನ್ ಹೋಗಿತ್ತು. ಎರಡು ಸಲ ಮತ್ತೆ ಮಾಡ್ದೆ, ಸಿಗ್ನಲ್ಲೇ ಇರ್ಲಿಲ್ಲ. ಮಕ್ಕಳು ಬಿಸಿಲಲ್ಲಿ ನಿಂತಿದ್ವು. ನೀವು ಬೇಡ ಅನ್ನಲ್ಲ ಅಂದ್ಕೊಂಡು ಹೊರಟ್ಬಿಟ್ಟೆ. ಆಮೇಲೆ ನೋಟಿಸಲ್ಲಿ ನೀವು ಬರ್ದಿದ್ದು ನೋಡಿದಾಗ ಖಾತ್ರಿ ಆಯ್ತು, ನಿಮಗೆ ನನ್ನ ಮಾತು ತಲುಪೇ ಇಲ್ಲ ಅಂತ.”

ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರೊಂದು ಹೋಯಿತು. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಕ್ಷಮಿಸಿದೆ ಎಂದು ಒಂದು ಮಾತು ಹೇಳಿ ಅವರನ್ನು ಬಸ್ಸು ಹತ್ತಿಸಬಹುದಿತ್ತು. ಹಾಗೆ ಮಾಡುವ ಆಸೆಯೂ ಒಂದು ಗಳಿಗೆ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ.

“ನನಗೆ ಕೇಳಿಸಿತ್ತು” ಎಂದೆ. “ನೀವು ಹೇಳಿದ್ದೆಲ್ಲ ಕೇಳಿಸಿತ್ತು. ಒಪ್ಪಿಗೆ ಕೊಟ್ಟಿದ್ದೆ. ಹೆದರಿಕೊಂಡು ಸುಳ್ಳು ಬರೆದೆ.”

ಅವರು ತಂಗುದಾಣದ ಕಲ್ಲಿನ ಮೇಲೆ ಕೂತರು. ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡರು. ಬೈಯಲಿ ಎಂದು ನಾನು ಕಾಯುತ್ತಿದ್ದೆ.

“ಅಂದ್ರೆ ಅವತ್ತು ನಾನು ಕದ್ದು ಹೋಗಿರ್ಲಿಲ್ಲ” ಎಂದರು. ನನಗಲ್ಲ, ತಮಗೇ ಹೇಳಿಕೊಂಡಂತೆ. “ಆ ಮಗು ಆಸ್ಪತ್ರೇಲಿ ಕಣ್ಣು ಮುಚ್ಚಿ ಮಲಗಿತ್ತಲ್ಲ, ಅವತ್ತಿಂದ ತಲೇಲಿ ಅದೊಂದೇ ಮೇಡಂ. ಯಾರ ಒಪ್ಪಿಗೇನೂ ಇಲ್ದೇ ಕರ್ಕೊಂಡ್ಹೋದೆ ಅಂತ.”

“ನಾಳೆಯೇ ಕಚೇರಿಗೆ ಬರೆದುಕೊಡುತ್ತೇನೆ.”

“ಬರೀರಿ” ಎಂದರು. ಬೇಡ ಎನ್ನುತ್ತಾರೆಂದು ನಾನು ಎಣಿಸಿದ್ದೆ. “ಸಿಟ್ಟು ನಾಳೆ ಬರುತ್ತೇನೋ. ಇವತ್ತು ಆಗ್ತಿಲ್ಲ.”

ಬಸ್ಸು ದೂರದ ತಿರುವಿನಲ್ಲಿ ಕಾಣಿಸಿತು. ಅವರ ಕೈಚೀಲವನ್ನು ನಾನು ಎತ್ತಿಕೊಂಡೆ. ಅವರು ಹತ್ತಿ ಕಿಟಕಿಯ ಪಕ್ಕ ಕೂತು, ನಾನು ಒಳಕ್ಕೆ ಕೊಟ್ಟ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕಂಡಕ್ಟರು ಸೀಟಿ ಊದುವಷ್ಟರಲ್ಲಿ ತಲೆ ಹೊರಗೆ ಚಾಚಿ ಕೇಳಿದರು.

“ಅವತ್ತು ಫೋನಲ್ಲಿ ನೀವು ಏನಂದ್ರಿ ಮೇಡಂ? ಸರಿಯಾಗಿ ಹೇಳಿ.”

ಬಸ್ಸು ಹೊರಟಿತ್ತು. ಅದರ ಜೊತೆ ನಾಲ್ಕು ಹೆಜ್ಜೆ ನಡೆದು, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ.

“ಹೋಗ್ಬನ್ನಿ ಅಂದೆ.”